ಮಿದುಳಿನ ಮಿತವ್ಯಯ ಮತ್ತು ಗಣಕಯಂತ್ರದ ನಾಳೆ



ಕೃತಕ ಬುದ್ಧಿಮತ್ತೆಯ ಮಾತು ಬಾರದ ಮನೆಯೇ ಇಂದಿನ ದಿನಮಾನಗಳಲ್ಲಿ ಇಲ್ಲವೆನ್ನಬಹುದು. ಕಾಲೇಜಿಗೆ ಹೋಗುವ ಮೊಮ್ಮಗ ಕೈಯೊಳಗಿನ ಫೋನಿಗೆ ಪ್ರಶ್ನೆ ಕೇಳುತ್ತಾನೆ. ಅದು ಕನ್ನಡದಲ್ಲಿಯೇ ಉತ್ತರ ಹೇಳುತ್ತದೆ. ಪಕ್ಕದಲ್ಲಿ ಕುಳಿತ ಅಜ್ಜ ಬೆರಗಾಗುತ್ತಾನೆ. ಈ ಅಂಕಣಕ್ಕೆ ಬರುವ ಪತ್ರಗಳಲ್ಲಿಯೂ ಅದೇ ಬೆರಗು, ಅದರ ಬೆನ್ನಿಗೇ ಸ್ವಲ್ಪ ಅಂಜಿಕೆ. ಯಂತ್ರದ ಜಾಣ್ಮೆಯನ್ನು ಕುರಿತು ಹೀಗೆ ಎಲ್ಲರೂ ಮಾತನಾಡುತ್ತಿರುವಾಗ ಅದರ ಹಸಿವನ್ನು ಕುರಿತು ವಿಚಾರಿಸುವವರು ವಿರಳ. ಈ ತಿಂಗಳು ಆ ಹಸಿವಿನ ವಿಷಯವನ್ನೇ ಎತ್ತಿಕೊಂಡಿದ್ದೇನೆ. ಗಣಕಯಂತ್ರದ ಭವಿಷ್ಯವನ್ನು ಅದರ ಜಾಣ್ಮೆಗಿಂತ ಹೆಚ್ಚಾಗಿ ಅದರ ಊಟದ ಖರ್ಚೇ ನಿರ್ಧರಿಸಲಿದೆ ಎಂಬುದು ನನ್ನ ಅಭಿಪ್ರಾಯ.

ಫೋನಿನಲ್ಲಿ ಕಾಣುವ ಆ ಉತ್ತರ ಬಹುಮಟ್ಟಿಗೆ ಫೋನಿನಲ್ಲಿ ಹುಟ್ಟಿದುದಲ್ಲ. ಎಲ್ಲಿಯೋ ದೂರದಲ್ಲಿ ಸಾವಿರಾರು ಗಣಕಗಳನ್ನು ಸಾಲುಸಾಲಾಗಿ ನಿಲ್ಲಿಸಿದ ದತ್ತಾಂಶ ಕೇಂದ್ರವೊಂದರಲ್ಲಿ ಅದು ಸಿದ್ಧವಾಗಿ ಇಲ್ಲಿಗೆ ಬರುತ್ತದೆ. ಇಂತಹ ಕೇಂದ್ರಗಳು 2024ರಲ್ಲಿ ಜಗತ್ತಿನಾದ್ಯಂತ ಬಳಸಿದ ವಿದ್ಯುತ್ತು ಸುಮಾರು 41,500 ಕೋಟಿ ಯೂನಿಟ್ ಎಂದು ಅಂತರರಾಷ್ಟ್ರೀಯ ಇಂಧನ ಸಂಸ್ಥೆ ಲೆಕ್ಕ ಹಾಕಿದೆ. ಇದು ಜಗತ್ತಿನ ಒಟ್ಟು ವಿದ್ಯುತ್ ಬಳಕೆಯ ನೂರಕ್ಕೆ ಒಂದೂವರೆ ಭಾಗ. 2030ರ ವೇಳೆಗೆ ಇದು 94,500 ಕೋಟಿ ಯೂನಿಟ್‌ಗೆ ಏರಬಹುದೆಂದು ಅದೇ ಸಂಸ್ಥೆಯ 2025ರ ಅಂದಾಜು. ಇಷ್ಟು ದೊಡ್ಡ ಅಂಕಿಗಳು ನಮ್ಮ ಕಲ್ಪನೆಗೆ ನಿಲುಕುವುದು ಕಷ್ಟ. ನಮ್ಮ ರಾಯಚೂರಿನ ಶಾಖೋತ್ಪನ್ನ ವಿದ್ಯುತ್ ಕೇಂದ್ರವನ್ನೇ ತೆಗೆದುಕೊಳ್ಳೋಣ. ಅದರ ಪೂರ್ಣ ಸಾಮರ್ಥ್ಯ 1,720 ಮೆಗಾವ್ಯಾಟ್. ಅದರ ಎಂಟೂ ಘಟಕಗಳು ವರ್ಷವಿಡೀ ಒಂದು ಗಳಿಗೆಯೂ ನಿಲ್ಲದೆ ಉರಿದರೆ ಸುಮಾರು 1,500 ಕೋಟಿ ಯೂನಿಟ್ ದೊರೆತೀತು. ಅಂತಹ 27 ರಾಯಚೂರುಗಳು ಗಣಕಯಂತ್ರಗಳ ಊಟಕ್ಕೇ ಬೇಕೆಂದಾಯಿತು. ಇದರ ಜೊತೆಗೆ ಕಾದ ಯಂತ್ರಗಳನ್ನು ತಣಿಸಲು ಎಷ್ಟೋ ಕಡೆ ನೀರೂ ಬೇಕು. 2024ರ ಬೇಸಿಗೆಯಲ್ಲಿ ಟ್ಯಾಂಕರಿಗಾಗಿ ಕಾದು ನಿಂತ ಬೆಂಗಳೂರಿನ ತಾಯಂದಿರಿಗೆ ನೀರಿನ ಬೆಲೆಯನ್ನು ಯಾರೂ ಹೇಳಿಕೊಡಬೇಕಾಗಿಲ್ಲ.

ಇನ್ನು ನಮ್ಮ ತಲೆಯೊಳಗಿನ ಲೆಕ್ಕವನ್ನು ನೋಡೋಣ. ಮನುಷ್ಯನ ಮಿದುಳಿನ ತೂಕ ಹೆಚ್ಚುಕಡಿಮೆ 1.4 ಕಿಲೋಗ್ರಾಂ. ಅದರಲ್ಲಿ ಸುಮಾರು 8,600 ಕೋಟಿ ನರಕೋಶಗಳು. ದೇಹದ ತೂಕದಲ್ಲಿ ನೂರಕ್ಕೆ ಎರಡು ಭಾಗದಷ್ಟಿದ್ದರೂ ವಿಶ್ರಾಂತಿಯಲ್ಲಿರುವ ದೇಹದ ಶಕ್ತಿಯಲ್ಲಿ ನೂರಕ್ಕೆ ಇಪ್ಪತ್ತು ಭಾಗವನ್ನು ಅದು ತಿನ್ನುತ್ತದೆ. ಆ ದೃಷ್ಟಿಯಿಂದ ದುಬಾರಿ ಅಂಗವೇ ಸರಿ. ಆದರೂ ಅದರ ಒಟ್ಟು ಬಳಕೆ ಸುಮಾರು 20 ವ್ಯಾಟ್, ಅಂದರೆ ಪಡಸಾಲೆಯ ಒಂದು ಎಲ್‌ಇಡಿ ದೀಪದಷ್ಟು. ಹಗಲೂ ರಾತ್ರಿ ಸೇರಿಸಿದರೂ ದಿನಕ್ಕೆ ಅರ್ಧ ಯೂನಿಟ್ ಆಗದು. ಕೃತಕ ಬುದ್ಧಿಮತ್ತೆಗೆಂದೇ 2022ರಲ್ಲಿ ಎನ್‌ವಿಡಿಯಾ ಕಂಪನಿ ಹೊರತಂದ ಎಚ್100 ಎಂಬ ಸಂಸ್ಕಾರಕ ಪೂರ್ಣ ವೇಗದಲ್ಲಿ ನಡೆದಾಗ 700 ವ್ಯಾಟ್‌ವರೆಗೆ ಎಳೆಯುತ್ತದೆ. ದಿನವೊಂದಕ್ಕೆ ಹದಿನಾರು ಯೂನಿಟ್‌ಗೂ ಹೆಚ್ಚು. ದೊಡ್ಡ ಕೇಂದ್ರವೊಂದರಲ್ಲಿ ಇಂತಹವು ಸಾವಿರಗಟ್ಟಲೆ ಇರುತ್ತವೆ. ಜೋಳದ ರೊಟ್ಟಿ, ಬೇಳೆಸಾರು ಉಂಡು ನಡೆಯುವ ಮಿದುಳು ಹಸುಗೂಸಿನ ಮುಖವನ್ನು ಗುರುತಿಸುತ್ತದೆ, ನಾಲ್ಕು ಭಾಷೆ ಕಲಿಯುತ್ತದೆ, ಸಂತೆಯ ಗದ್ದಲದಲ್ಲಿ ತನ್ನ ಹೆಸರು ಕರೆದುದನ್ನು ಕೇಳಿಸಿಕೊಳ್ಳುತ್ತದೆ. ಈ ಅಂತರ ಎಲ್ಲಿಂದ ಬಂದಿತು?

ಇದನ್ನು ತಿಳಿಯಲು ಚಿಪ್ ಬೆಳೆದು ಬಂದ ದಾರಿಯನ್ನು ಸ್ಥೂಲವಾಗಿಯಾದರೂ ನೋಡಬೇಕು. 1947ರ ಡಿಸೆಂಬರಿನಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ಟ್ರಾನ್ಸಿಸ್ಟರ್ ಹುಟ್ಟಿತು. ಅದೊಂದು ವಿದ್ಯುತ್ತಿನ ತೂಬು. ತೆರೆದರೆ ಹರಿವು, ಮುಚ್ಚಿದರೆ ನಿಲುಗಡೆ. 1958ರಲ್ಲಿ ಜ್ಯಾಕ್ ಕಿಲ್ಬಿ ಹಲವು ಘಟಕಗಳನ್ನು ಒಂದೇ ತುಣುಕಿನಲ್ಲಿ ಅಳವಡಿಸಿ ತೋರಿಸಿದ. 1965ರಲ್ಲಿ ಗಾರ್ಡನ್ ಮೂರ್, ಒಂದು ಚಿಪ್‌ನಲ್ಲಿ ಹಿಡಿಸುವ ಘಟಕಗಳ ಸಂಖ್ಯೆ ವರ್ಷ ವರ್ಷವೂ ಇಮ್ಮಡಿಯಾಗುವುದೆಂದು ಬರೆದು, 1975ರಲ್ಲಿ ಅದನ್ನು ಎರಡು ವರ್ಷಕ್ಕೊಮ್ಮೆ ಎಂದು ತಿದ್ದಿದ. ಇದು ಪ್ರಕೃತಿನಿಯಮವೇನೂ ಆಗಿರಲಿಲ್ಲ. ವ್ಯಾಪಾರದ ಲೆಕ್ಕಾಚಾರವೂ ಎಂಜಿನಿಯರುಗಳ ಹಟವೂ ಸೇರಿ ಅದನ್ನು ನಿಯಮವಾಗಿಸಿದವು. 1971ರ ಇಂಟೆಲ್ 4004 ಚಿಪ್‌ನಲ್ಲಿ 2,300 ಟ್ರಾನ್ಸಿಸ್ಟರುಗಳಿದ್ದವು. 2024ರಲ್ಲಿ ಎನ್‌ವಿಡಿಯಾ ಪ್ರಕಟಿಸಿದ ಬ್ಲ್ಯಾಕ್‌ವೆಲ್ ಸಂಸ್ಕಾರಕದಲ್ಲಿ 20,800 ಕೋಟಿ. ಅದೂ ಒಂದೇ ತುಣುಕಿನಲ್ಲಿ ಹಿಡಿಸಲಾರದೆ ಎರಡು ತುಣುಕುಗಳನ್ನು ಪಕ್ಕಪಕ್ಕದಲ್ಲಿ ಬೆಸೆದುದು.

ಬಹುಕಾಲ ಇನ್ನೊಂದು ಭಾಗ್ಯವೂ ಜೊತೆಗಿತ್ತು. ಟ್ರಾನ್ಸಿಸ್ಟರ್ ಕಿರಿದಾದಂತೆ ಅದರ ವಿದ್ಯುತ್ ಬಳಕೆಯೂ ಅದೇ ಪ್ರಮಾಣದಲ್ಲಿ ಇಳಿಯುತ್ತಿತ್ತು. ಇದನ್ನು 1974ರಲ್ಲಿ ವಿವರಿಸಿದವರು ರಾಬರ್ಟ್ ಡೆನಾರ್ಡ್ ಮತ್ತು ಅವರ ಸಂಗಡಿಗರು. ಸುಮಾರು 2005ರ ಹೊತ್ತಿಗೆ ಈ ಭಾಗ್ಯ ಮುಗಿಯಿತು. ತೂಬು ಅತಿ ತೆಳುವಾದಾಗ ಮುಚ್ಚಿದ್ದರೂ ಜಿನುಗುತ್ತದೆ. ಜಿನುಗಿದ ವಿದ್ಯುತ್ತು ಶಾಖವಾಗುತ್ತದೆ. ಇಪ್ಪತ್ತು ವರ್ಷಗಳ ಹಿಂದೆಯೇ ಮೂರು ನಾಲ್ಕು ಗಿಗಾಹರ್ಟ್ಸ್ ಮುಟ್ಟಿದ ಸಂಸ್ಕಾರಕಗಳ ವೇಗ ಆಮೇಲೆ ಹೆಚ್ಚೇನೂ ಏರದಿರುವುದಕ್ಕೆ ಇದೇ ಕಾರಣ. ಜಾಹೀರಾತುಗಳಲ್ಲಿ ಬರುವ 3 ನ್ಯಾನೋಮೀಟರ್, 2 ನ್ಯಾನೋಮೀಟರ್ ಎಂಬ ಮಾತುಗಳು ಈಗ ತಲೆಮಾರಿನ ಹೆಸರುಗಳಷ್ಟೆ. ಚಿಪ್‌ನ ಯಾವ ಭಾಗವನ್ನು ಅಳೆದರೂ ಆ ಅಳತೆ ಸಿಕ್ಕಲಾರದು. ಸಿಲಿಕಾನ್ ಹರಳಿನ ಮೂಲಘಟಕವೇ ಅರ್ಧ ನ್ಯಾನೋಮೀಟರಿಗಿಂತ ತುಸು ದೊಡ್ಡದು. ಅದನ್ನು ಮೀರಿ ಇನ್ನೆಷ್ಟು ಕಿರಿದಾಗಿಸುವುದು?

ಹಾಗಾದರೆ ಖರ್ಚು ಎಲ್ಲಿ ಆಗುತ್ತಿದೆ? ಇಲ್ಲಿಯೇ ವಿಷಯದ ತಿರುಳಿದೆ. ದೊಡ್ಡ ದಾಸೋಹದ ಅಡುಗೆಮನೆಯೊಂದನ್ನು ಮನಸ್ಸಿಗೆ ತಂದುಕೊಳ್ಳಿರಿ. ಉಗ್ರಾಣ ಒಂದು ತುದಿಯಲ್ಲಿ, ಒಲೆ ಇನ್ನೊಂದು ತುದಿಯಲ್ಲಿ, ನಡುವೆ ಒಬ್ಬರೇ ಹಾಯಬಹುದಾದ ಓಣಿ. ಅಡುಗೆಯವರು ಎಷ್ಟೇ ಚುರುಕಾಗಿರಲಿ, ಅಕ್ಕಿ ಬೇಳೆಗಳು ಸೇರು ಸೇರಾಗಿ ಆ ಓಣಿಯಲ್ಲಿಯೇ ಬರಬೇಕು. ಬೆಂದ ಪದಾರ್ಥ ಮತ್ತೆ ಅದೇ ಓಣಿಯಲ್ಲಿ ಉಗ್ರಾಣಕ್ಕೆ ಹೋಗಬೇಕು. ದಿನದ ದುಡಿಮೆಯೆಲ್ಲ ಓಡಾಟದಲ್ಲಿಯೇ ತೀರುತ್ತದೆ. ಇಂದಿನ ಗಣಕಯಂತ್ರದ ರಚನೆ ಇದೇ ಬಗೆಯದು. ಅಂಕಿಗಳನ್ನು ಕೂಡಿಡುವ ಸ್ಮರಣಕೋಶ ಬೇರೆ, ಲೆಕ್ಕ ಮಾಡುವ ಸಂಸ್ಕಾರಕ ಬೇರೆ. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಮಾರ್ಕ್ ಹೊರೊವಿಟ್ಸ್ ಅವರು 2014ರಲ್ಲಿ ಅಂದಿನ ಚಿಪ್‌ಗಳ ಲೆಕ್ಕವನ್ನು ಬಿಡಿಸಿ ತೋರಿಸಿದರು. ಎರಡು ಸಂಖ್ಯೆಗಳನ್ನು ಗುಣಿಸಲು ಬೇಕಾಗುವ ಶಕ್ತಿಗಿಂತ, ಒಂದು ಸಂಖ್ಯೆಯನ್ನು ಹೊರಗಿನ ಸ್ಮರಣಕೋಶದಿಂದ ತರಲು ಬೇಕಾಗುವ ಶಕ್ತಿ ಸುಮಾರು 170 ಪಟ್ಟು ಹೆಚ್ಚು! ಅಡುಗೆಗೆ ಒಂದು ಕೊಳ್ಳಿ, ಹೊರುವ ಕೂಲಿಗೆ ನೂರೆಪ್ಪತ್ತು ಕೊಳ್ಳಿ ಎಂದಂತಾಯಿತು. ಕೃತಕ ಬುದ್ಧಿಮತ್ತೆಯ ಕೆಲಸವಾದರೋ ಬಹುಪಾಲು ಕೋಟಿ ಕೋಟಿ ಸಂಖ್ಯೆಗಳನ್ನು ತರುವುದು, ಗುಣಿಸುವುದು, ಕೂಡಿಸುವುದು. ಆದುದರಿಂದ ಓಣಿಯ ಇಕ್ಕಟ್ಟು ಅದನ್ನು ಎಲ್ಲಕ್ಕಿಂತ ಹೆಚ್ಚಾಗಿ ಬಾಧಿಸುತ್ತದೆ.

ಈ ರಚನೆಯನ್ನು 1945ರ ತನ್ನ ವರದಿಯಲ್ಲಿ ನಿರೂಪಿಸಿದವನು ಗಣಿತಜ್ಞ ಜಾನ್ ವಾನ್ ನಾಯ್ಮನ್. ಓಣಿಯ ಇಕ್ಕಟ್ಟಿಗೆ ಅವನ ಹೆಸರನ್ನೇ ಇಟ್ಟು ‘ವಾನ್ ನಾಯ್ಮನ್ ಅಡಚಣೆ’ ಎಂದು 1977ರ ಉಪನ್ಯಾಸದಲ್ಲಿ ಕರೆದವನು ಜಾನ್ ಬ್ಯಾಕಸ್. ಇಲ್ಲಿ ಒಂದು ಸೋಜಿಗವುಂಟು. ನರಕೋಶದ ಕೆಲಸವನ್ನು ತರ್ಕದ ಚಿಹ್ನೆಗಳಲ್ಲಿ ಬರೆದು ತೋರಿಸಿದ ಮೆಕಲಕ್ ಮತ್ತು ಪಿಟ್ಸ್ ಅವರ 1943ರ ಪ್ರಬಂಧವನ್ನೇ ವಾನ್ ನಾಯ್ಮನ್ ಆ ವರದಿಯಲ್ಲಿ ಆಧರಿಸಿದ್ದ. ತನ್ನ ಕೊನೆಯ ದಿನಗಳಲ್ಲಿ, ಕ್ಯಾನ್ಸರಿನಿಂದ ನರಳುತ್ತಿದ್ದಾಗಲೂ, ಗಣಕಯಂತ್ರ ಮತ್ತು ಮಿದುಳುಗಳನ್ನು ಹೋಲಿಸುವ ಉಪನ್ಯಾಸಗಳನ್ನು ಬರೆಯುತ್ತಿದ್ದ. 1957ರಲ್ಲಿ ತೀರಿಕೊಂಡ. ಅಪೂರ್ಣವಾಗಿಯೇ ಉಳಿದ ಆ ಬರಹ ಮರುವರ್ಷ ಪುಸ್ತಕವಾಯಿತು. ಆಧುನಿಕ ಗಣಕದ ಜನಕನೇ ಮಿದುಳಿನ ಕಡೆಗೆ ಕೈ ತೋರಿಸಿ ಹೋದನೆನ್ನಬೇಕು.

ಮಿದುಳಿನಲ್ಲಿ ಉಗ್ರಾಣ, ಒಲೆ ಎಂಬ ಭೇದವಿಲ್ಲ. ಒಂದು ನರಕೋಶ ಇನ್ನೊಂದನ್ನು ಸೇರುವ ಸ್ಥಾನವನ್ನು ನರಸಂಧಿ ಎನ್ನೋಣ. ಸಂಧಿ ಬಲವಾಗಿದ್ದರೆ ಸಂದೇಶ ಜೋರಾಗಿ ದಾಟುತ್ತದೆ, ದುರ್ಬಲವಾಗಿದ್ದರೆ ಕ್ಷೀಣವಾಗಿ. ಬಳಸಿದಂತೆ ಸಂಧಿಯ ಬಲ ಬದಲಾಗುತ್ತದೆ, ಹೊಲದಲ್ಲಿ ಜನ ನಡೆದಂತೆ ಕಾಲುದಾರಿ ಮೂಡುವ ಹಾಗೆ. ಆ ಬಲವೇ ನೆನಪು. ಆ ಬಲದ ಮೂಲಕ ಸಂದೇಶ ಹಾದು ಹೋಗುವುದೇ ಲೆಕ್ಕ. ಎರಡೂ ಒಂದೇ ಜಾಗದಲ್ಲಿ. ಮಠದ ಪಾಠಶಾಲೆಯಲ್ಲಿ ಅಮರಕೋಶವನ್ನು ಕಂಠಪಾಠ ಮಾಡಿದವರಿಗೆ ಇದು ಬೇಗ ಅರ್ಥವಾದೀತು. ಶಬ್ದಾರ್ಥ ಬೇಕಾದಾಗಲೆಲ್ಲ ಭಂಡಾರಕ್ಕೆ ಹೋಗಿ ಕಟ್ಟು ಬಿಚ್ಚಿ ನೋಡುವ ವಿದ್ವಾಂಸ ಬೇರೆ, ಬಾಯಲ್ಲಿಯೇ ಇರಿಸಿಕೊಂಡವನು ಬೇರೆ. ಕಂಠಪಾಠವೆಂದರೆ ಹಳಬರ ಗೀಳೆಂದು ನಗುವ ಈ ಕಾಲದಲ್ಲಿ ಚಿಪ್ ತಯಾರಕರು ಕೋಟಿಗಟ್ಟಲೆ ಹಣ ಸುರಿದು ಯಂತ್ರಕ್ಕೆ ಕಂಠಪಾಠ ಮಾಡಿಸಲು ಹೊರಟಿದ್ದಾರೆಂಬುದು ಸ್ವಾರಸ್ಯವಾಗಿದೆ.

ಮಿದುಳಿನ ಮಿತವ್ಯಯಕ್ಕೆ ಎರಡನೆಯ ಕಾರಣವೂ ಉಂಟು. ಸುದ್ದಿಯಿಲ್ಲದಾಗ ಅದರ ನರಕೋಶಗಳು ಬಹುಮಟ್ಟಿಗೆ ಸುಮ್ಮನಿರುತ್ತವೆ. ಸಂಸ್ಕಾರಕದೊಳಗಿನ ಗಡಿಯಾರವಾದರೋ ಕೆಲಸವಿರಲಿ ಬಿಡಲಿ ಕ್ಷಣಕ್ಕೆ ಕೋಟಿಗಟ್ಟಲೆ ಬಾರಿ ಬಡಿಯುತ್ತದೆ. ರಸ್ತೆಯಲ್ಲಿ ಲಾರಿ ಹೋದರೆ ಎಚ್ಚರಗೊಳ್ಳದ ಬಾಣಂತಿ ತೊಟ್ಟಿಲಲ್ಲಿ ಮಗು ಮಿಸುಕಿದರೆ ಏಳುತ್ತಾಳೆ. ಯಾವುದು ಸುದ್ದಿ, ಯಾವುದು ಬರಿಯ ಸದ್ದು ಎಂಬುದನ್ನು ಅವಳ ಮಿದುಳು ನಿದ್ದೆಯಲ್ಲಿಯೂ ಬೇರ್ಪಡಿಸುತ್ತಿರುತ್ತದೆ.

ಈ ಎರಡು ಗುಣಗಳನ್ನು ಸಿಲಿಕಾನ್‌ಗೆ ತರಬೇಕೆಂದು 1980ರ ದಶಕದಲ್ಲಿ ಪ್ರಯತ್ನ ಆರಂಭಿಸಿದವರು ಕ್ಯಾಲಿಫೋರ್ನಿಯಾ ತಂತ್ರಜ್ಞಾನ ಸಂಸ್ಥೆಯ ಕಾರ್ವರ್ ಮೀಡ್. ಅವರ ಶಿಷ್ಯೆ ಮಿಶಾ ಮಹೋವಾಲ್ಡ್ ಗುರುವಿನೊಡನೆ ಸೇರಿ ಕಣ್ಣಿನ ಅಕ್ಷಿಪಟಲವನ್ನು ಅನುಸರಿಸುವ ಸಿಲಿಕಾನ್ ಪಟಲವನ್ನು ರಚಿಸಿದರು. ಆ ಮೇಧಾವಿ ಹೆಣ್ಣುಮಗಳು 1996ರಲ್ಲಿ ಚಿಕ್ಕ ವಯಸ್ಸಿನಲ್ಲಿಯೇ ತೀರಿಕೊಂಡದ್ದು ಈ ವಿದ್ಯೆಗಾದ ದೊಡ್ಡ ನಷ್ಟ. ಆ ಬಳಿಕ ಐಬಿಎಂ ಸಂಸ್ಥೆಯಲ್ಲಿ ಧರ್ಮೇಂದ್ರ ಮೋಧಾ ಅವರ ತಂಡ 2014ರಲ್ಲಿ ‘ಟ್ರೂನಾರ್ತ್’ ಚಿಪ್ಪನ್ನು ಪ್ರಕಟಿಸಿತು. ಹತ್ತು ಲಕ್ಷ ಕೃತಕ ನರಕೋಶಗಳು, 25 ಕೋಟಿಗೂ ಹೆಚ್ಚು ಸಂಧಿಗಳು, ಬಳಕೆ ಒಂದು ವ್ಯಾಟಿನ ಹತ್ತನೆಯ ಒಂದು ಭಾಗಕ್ಕಿಂತಲೂ ಕಡಿಮೆ. ಇಂಟೆಲ್ ಕಂಪನಿ 2024ರ ಏಪ್ರಿಲ್‌ನಲ್ಲಿ ತನ್ನ 1,152 ‘ಲೋಯಿಹಿ 2’ ಚಿಪ್‌ಗಳನ್ನು ಜೋಡಿಸಿ 115 ಕೋಟಿ ಕೃತಕ ನರಕೋಶಗಳ ವ್ಯವಸ್ಥೆಯೊಂದನ್ನು ಅಮೆರಿಕದ ಸ್ಯಾಂಡಿಯಾ ಪ್ರಯೋಗಾಲಯಕ್ಕೆ ಒದಗಿಸಿತು. ಅದರ ಗರಿಷ್ಠ ಬಳಕೆ 2,600 ವ್ಯಾಟ್.

ಇಷ್ಟೆಲ್ಲ ಇದ್ದೂ ಇವು ಮಾರುಕಟ್ಟೆಯನ್ನು ಗೆಲ್ಲಲಿಲ್ಲವೇಕೆ? ಕಾರಣ ಸ್ಪಷ್ಟವಿದೆ. 2012ರಲ್ಲಿ ಚಿತ್ರಗಳನ್ನು ಗುರುತಿಸುವ ಸ್ಪರ್ಧೆಯೊಂದನ್ನು ಗೆದ್ದ ಟೊರಾಂಟೋ ವಿಶ್ವವಿದ್ಯಾಲಯದ ತಂಡ ತನ್ನ ಯಂತ್ರಕ್ಕೆ ಕಲಿಸಿದ್ದು ಎರಡು ಸಾಧಾರಣ ಗ್ರಾಫಿಕ್ಸ್ ಕಾರ್ಡುಗಳ ಮೇಲೆ, ಅಂದರೆ ಹುಡುಗರ ವಿಡಿಯೋ ಆಟಕ್ಕೆಂದು ತಯಾರಾದ ಬಿಡಿಭಾಗಗಳ ಮೇಲೆ. ಅಂದಿನಿಂದ ಪ್ರಪಂಚದ ಹಣ, ಜಾಣ್ಮೆ, ತಂತ್ರಾಂಶಗಳೆಲ್ಲ ಆ ದಾರಿಗೇ ಹರಿದವು. ಗ್ರಾಫಿಕ್ಸ್ ಚಿಪ್ಪಿಗೆ ಕೆಲಸ ಹೇಳಬಲ್ಲ ತರುಣರು ಊರೂರಿನಲ್ಲಿದ್ದಾರೆ. ಮಿದುಳಿನ ರೀತಿಯ ಚಿಪ್ಪಿಗೆ ಕೆಲಸ ಹೇಳುವ ಭಾಷೆಯೇ ಇನ್ನೂ ಕಣ್ಣು ಬಿಡುತ್ತಿದೆ. ಉತ್ತಮವಾದದ್ದೇ ಯಾವಾಗಲೂ ಗೆಲ್ಲುವುದೆಂಬ ನಿಯಮ ಸಂತೆಯಲ್ಲಿ ಇಲ್ಲ.

ಆದಾಗ್ಯೂ ಕರ್ನಾಟಕದ ನೆಲದಲ್ಲಿಯೇ ನಡೆದ ಒಂದು ಕಾರ್ಯದಿಂದಾಗಿ ನನಗೆ ಈ ವಿದ್ಯೆಯಲ್ಲಿ ವಿಶೇಷ ಆಸ್ಥೆ ಹುಟ್ಟಿದೆ. 1971ರಲ್ಲಿ ಲಿಯಾನ್ ಚುವಾ ಎಂಬ ವಿದ್ವಾಂಸರು, ತನ್ನ ಮೂಲಕ ಹರಿದ ವಿದ್ಯುತ್ತನ್ನು ನೆನಪಿಟ್ಟುಕೊಂಡು ಅದಕ್ಕನುಗುಣವಾಗಿ ತನ್ನ ತಡೆಯನ್ನು ಬದಲಿಸಿಕೊಳ್ಳುವ ಘಟಕವೊಂದು ಸಾಧ್ಯವೆಂದು ಗಣಿತದಿಂದ ತೋರಿಸಿದರು. ಅದಕ್ಕೆ ಮೆಮ್ರಿಸ್ಟರ್ ಎಂದು ಹೆಸರಿಟ್ಟರು. 2008ರಲ್ಲಿ ಎಚ್‌ಪಿ ಪ್ರಯೋಗಾಲಯದ ಸ್ಟ್ಯಾನ್ಲಿ ವಿಲಿಯಮ್ಸ್ ಅವರ ತಂಡ ಅದನ್ನು ಕೈಗೆ ಸಿಗುವ ವಸ್ತುವಾಗಿ ಮಾಡಿತು. ಇದರ ಉಪಯೋಗ ಬಲು ಸೊಗಸಾದುದು. ಒಂದು ಜಾಲದಲ್ಲಿ ಸಾವಿರಾರು ಮೆಮ್ರಿಸ್ಟರುಗಳಿವೆ ಎನ್ನಿರಿ. ಅವನ್ನು ಕಾಲುವೆಯ ತೂಬುಗಳೆಂದು ಭಾವಿಸೋಣ. ಒಂದೊಂದು ತೂಬೂ ಬೇರೆ ಬೇರೆ ಪ್ರಮಾಣದಲ್ಲಿ ತೆರೆದಿದೆ. ಮೇಲಿನಿಂದ ಬರುವ ನೀರಿನ ಒತ್ತಡ ಒಂದು ಸಂಖ್ಯೆ, ತೂಬಿನ ತೆರಪು ಇನ್ನೊಂದು ಸಂಖ್ಯೆ. ಅದರಿಂದ ಹೊರಬೀಳುವ ನೀರು ಆ ಎರಡರ ಗುಣಲಬ್ಧ. ಹಲವು ತೂಬುಗಳ ನೀರು ಕೆಳಗಿನ ಒಂದೇ ಕಾಲುವೆಯಲ್ಲಿ ಕೂಡಿದಾಗ ಸಂಕಲನವೂ ಆಯಿತು. ಗುಣಿಸುವವರಾಗಲಿ ಕೂಡಿಸುವವರಾಗಲಿ ಬೇರೆ ಯಾರೂ ಬೇಡ; ಹರಿವೇ ಲೆಕ್ಕ ಮಾಡಿಬಿಡುತ್ತದೆ. ಶಾಲೆಯ ಮಕ್ಕಳು ಓದುವ ಓಮ್‌ನ ನಿಯಮ ಮತ್ತು ಕಿರ್ಚಾಫ್‌ನ ನಿಯಮಗಳೇ ಇಲ್ಲಿ ದುಡಿಯುವುದು.

ತೊಡಕು ಏನೆಂದರೆ ತೂಬಿನ ತೆರಪನ್ನು ಸೂಕ್ಷ್ಮವಾಗಿ ನಿಲ್ಲಿಸುವುದು. ಅರ್ಧ, ಕಾಲು ಎಂದರೆ ನಿಲ್ಲಿಸಬಹುದು. ಸಾವಿರದಲ್ಲಿ ಮುನ್ನೂರ ಹನ್ನೊಂದು ಭಾಗವೆಂದರೆ ಹೇಗೆ? ನಿಲ್ಲಿಸಿದರೂ ನಾಳೆ ಅಲ್ಲಿಯೇ ನಿಂತಿರಬೇಕಲ್ಲ! ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಶ್ರೀತೋಷ್ ಗೋಸ್ವಾಮಿ ಅವರ ತಂಡ ಈ ತೊಡಕನ್ನು ಬಿಡಿಸುವಲ್ಲಿ ದೊಡ್ಡ ಹೆಜ್ಜೆ ಇಟ್ಟಿದೆ. ಲೋಹವನ್ನೊಳಗೊಂಡ ಸಾವಯವ ಅಣುಗಳ ತೆಳುಪದರವೊಂದನ್ನು ರಚಿಸಿ, ಅದರಲ್ಲಿ ಸುಮಾರು 16,500 ಬೇರೆ ಬೇರೆ ಸ್ಥಿತಿಗಳನ್ನು ನಿಖರವಾಗಿ ಗುರುತಿಸಿ ನಿಲ್ಲಿಸಬಹುದೆಂದು ಅವರು 2024ರ ಸೆಪ್ಟೆಂಬರಿನಲ್ಲಿ ‘ನೇಚರ್’ ಪತ್ರಿಕೆಯಲ್ಲಿ ತೋರಿಸಿದರು. ಸಾಮಾನ್ಯ ಅಂಕೀಯ ಘಟಕ ಅರಿಯುವುದು ಸೊನ್ನೆ ಮತ್ತು ಒಂದು ಎಂಬ ಎರಡೇ ಸ್ಥಿತಿಗಳನ್ನು. ಜೇಮ್ಸ್ ವೆಬ್ ದೂರದರ್ಶಕ ಕಳುಹಿಸಿದ ಮಾಹಿತಿಯಿಂದ ಆಕಾಶದ ಪ್ರಸಿದ್ಧ ಚಿತ್ರವೊಂದನ್ನು ಮೇಜಿನ ಮೇಲಿನ ಗಣಕದಲ್ಲಿಯೇ ಮರುರಚಿಸಿ ಅವರು ತಮ್ಮ ಸಾಧನದ ಬಲವನ್ನು ಪರೀಕ್ಷಿಸಿದರು. ಮೊದಲ ಮೆಮ್ರಿಸ್ಟರನ್ನು ಮಾಡಿದ ವಿಲಿಯಮ್ಸ್ ಅವರೂ ಈ ಪ್ರಬಂಧದ ಲೇಖಕರಲ್ಲಿ ಒಬ್ಬರು. ಸಂಸ್ಥೆಯ ನ್ಯಾನೋ ವಿಜ್ಞಾನ ಕೇಂದ್ರದ ನವಕಾಂತ ಭಟ್ಟರೂ ಇದ್ದಾರೆ. ಅದೇ ಸಂಸ್ಥೆಯಲ್ಲಿ ಚೇತನ್ ಸಿಂಗ್ ಠಾಕೂರರ ತಂಡ 2022ರಲ್ಲಿ ‘ಆರ್ಯಭಟ’ ಹೆಸರಿನ ಇನ್ನೊಂದು ಬಗೆಯ ಚಿಪ್ಪನ್ನು ರೂಪಿಸಿತ್ತು.

ಬೆಂಗಳೂರಿಗೂ ಚಿಪ್ಪಿಗೂ ನಂಟು ಹಳೆಯದು. ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಕಂಪನಿ 1985ರಲ್ಲಿಯೇ ಇಲ್ಲಿ ವಿನ್ಯಾಸ ಕೇಂದ್ರ ತೆರೆಯಿತು. ಅದರ ಉಪಗ್ರಹ ಸಂಪರ್ಕದ ಸಲಕರಣೆ ಎತ್ತಿನ ಗಾಡಿಯಲ್ಲಿ ಬಂದಿತೆಂಬ ಮಾತನ್ನು ಆ ಊರಿನ ಎಂಜಿನಿಯರುಗಳು ಇಂದಿಗೂ ಹೇಳುತ್ತಾರೆ. ಆದರೆ ನಾವು ಬಹುಕಾಲ ಅನ್ಯರ ಚಿಪ್‌ಗಳಿಗೆ ನಕ್ಷೆ ಬರೆದುಕೊಟ್ಟವರು. ಗುಜರಾತಿನ ಧೋಲೇರಾದಲ್ಲಿ ತಯಾರಿಕೆಯ ಕಾರ್ಖಾನೆಗೆ ಕೇಂದ್ರ ಸರ್ಕಾರ ಒಪ್ಪಿಗೆ ಕೊಟ್ಟಿದ್ದು 2024ರ ಫೆಬ್ರವರಿಯಲ್ಲಿ. ಹಳೆಯ ದಾರಿಯಲ್ಲಿ ಮುಂದಿರುವವರನ್ನು ಹಿಡಿಯುವುದು ಬಲು ಕಷ್ಟ. ಹೊಸ ದಾರಿಯಲ್ಲಿ ಎಲ್ಲರೂ ಈಗಷ್ಟೇ ಹೆಜ್ಜೆ ಇಡುತ್ತಿದ್ದಾರೆ. ಪ್ರಯೋಗಾಲಯದ ಆ ತೆಳುಪದರ ಸಿಲಿಕಾನ್‌ನೊಡನೆ ಹೊಂದಿಕೊಂಡು, ಕಾರ್ಖಾನೆಯಲ್ಲಿ ಲಕ್ಷಗಟ್ಟಲೆ ತಯಾರಾಗಿ, ಬಿಸಿಲು ಚಳಿಗಳಲ್ಲಿ ವರ್ಷಗಟ್ಟಲೆ ಬಾಳಬೇಕು. ಅಲ್ಲಿಯವರೆಗೆ ಜಯಘೋಷ ಬೇಡ.

‘ಮಿದುಳಿನಂತಹ ಯಂತ್ರ’ ಎಂಬ ಮಾತಿನಲ್ಲಿಯೂ ಎಚ್ಚರವಿರಬೇಕು. ಕೇವಲ 302 ನರಕೋಶಗಳಿರುವ ಒಂದು ಪುಟ್ಟ ಹುಳುವಿನ ನರಜಾಲದ ಸಂಪೂರ್ಣ ನಕ್ಷೆ 1986ರಲ್ಲಿಯೇ ಪ್ರಕಟವಾಯಿತು. ಆ ಹುಳು ಹಾಗೇಕೆ ನಡೆದುಕೊಳ್ಳುತ್ತದೆಂಬುದು ನಕ್ಷೆ ಕೈಯಲ್ಲಿದ್ದೂ ಇಂದಿಗೂ ಪೂರ್ತಿ ಬಿಡಿಸಿಲ್ಲ. ಹತ್ತು ವರ್ಷಗಳಲ್ಲಿ ಮಾನವನ ಮಿದುಳನ್ನು ಗಣಕದಲ್ಲಿ ಕಟ್ಟಬಹುದೆಂದು ಹೆನ್ರಿ ಮಾರ್ಕ್ರಮ್ 2009ರಲ್ಲಿ ಹೇಳಿದರು. ಯೂರೋಪಿನ ಭಾರಿ ಯೋಜನೆಯೂ 2013ರಲ್ಲಿ ಆರಂಭವಾಯಿತು. 2023ರಲ್ಲಿ ಅದು ಮುಗಿದಾಗ ಉಪಯುಕ್ತವಾದ ನಕ್ಷೆಗಳು, ಸಲಕರಣೆಗಳು ಉಳಿದವು; ಕೃತಕ ಮಿದುಳು ಬರಲಿಲ್ಲ. ಮನಸ್ಸು, ಬುದ್ಧಿ, ಚಿತ್ತ, ಅಹಂಕಾರಗಳೆಂದು ನಮ್ಮ ಹಿರಿಯರು ಬಿಡಿಸಿ ನೋಡಿದ ವಿಷಯವನ್ನು ಒಂದು ಚಿಪ್ಪಿನ ಹೆಸರಿಗೆ ಕಟ್ಟಿ ಮಾರುವುದು ನನಗೆ ಒಪ್ಪಿಗೆಯಾಗದು. ಈ ವಿಜ್ಞಾನಿಗಳು ಮಿದುಳಿನಿಂದ ಎರವಲು ಪಡೆದಿರುವುದು ಅದರ ಮನೆವಾರ್ತೆಯ ಕ್ರಮವನ್ನು ಮಾತ್ರ. ಅದೇ ಸಾಕಷ್ಟು ದೊಡ್ಡದು.

ಎಷ್ಟು ದೊಡ್ಡದೆಂಬುದಕ್ಕೆ ಒಂದು ಉದಾಹರಣೆ. ಕಿವಿ ಮಂದವಾದ ಹಿರಿಯರು ಧರಿಸುವ ಶ್ರವಣಯಂತ್ರ ಮಾತನ್ನು ಗದ್ದಲದಿಂದ ಬೇರ್ಪಡಿಸಬೇಕಾದರೆ ಬಹಳ ಲೆಕ್ಕ ಮಾಡಬೇಕು. ಅದರ ಬ್ಯಾಟರಿಯಾದರೋ ಗುಂಡಿಯಷ್ಟು. ಓಣಿಯ ಓಡಾಟವಿಲ್ಲದ, ಸದ್ದಿಲ್ಲದಾಗ ಸುಮ್ಮನಿರುವ ಚಿಪ್ ಇಂತಹ ಕಡೆ ತಕ್ಕುದು. ಲೆಕ್ಕವೆಲ್ಲ ಕಿವಿಯ ಬಳಿಯಲ್ಲಿಯೇ ಮುಗಿದರೆ ಮದುವೆ ಮನೆಯಲ್ಲಿ ಅಜ್ಜಿ ಮೊಮ್ಮಗಳ ಮಾತನ್ನು ಕೇಳಿಸಿಕೊಂಡಾಳು; ಮನೆಯೊಳಗಿನ ಮಾತು ದೂರದ ಯಾವುದೋ ಕೇಂದ್ರಕ್ಕೆ ಹೋಗಿ ಬರುವ ಪ್ರಸಂಗವೂ ತಪ್ಪೀತು. ಬರಿ ಬ್ಯಾಟರಿಯ ಮೇಲೆ ನಡೆಯಬೇಕಾದ ಹೊಲದ ತೇವಮಾಪಕ, ಹಳ್ಳಿಯ ಆರೋಗ್ಯ ಕೇಂದ್ರದ ಹೃದಯಪರೀಕ್ಷೆಯ ಸಲಕರಣೆ ಇವುಗಳಿಗೂ ಇದೇ ಮಾತು ಅನ್ವಯಿಸುತ್ತದೆ.

ಮಕ್ಕಳನ್ನು ಯಾವ ವಿಭಾಗಕ್ಕೆ ಸೇರಿಸಬೇಕೆಂದು ಕೇಳಿ ಪತ್ರ ಬರೆಯುವ ತಂದೆತಾಯಿಗಳು ಬಹಳ. ‘ಕಂಪ್ಯೂಟರ್ ಸೈನ್ಸ್ ಸಿಗದಿದ್ದರೆ ಮಗಳ ಭವಿಷ್ಯ ಮುಗಿಯಿತೆ?’ ಎಂದು ಒಬ್ಬ ತಾಯಿ ಕೇಳಿದ್ದಾರೆ. ಆ ತಾಯಿಗೆ ನಾನು ಹೇಳುವುದಿಷ್ಟು. ಬೆಂಗಳೂರಿನ ಆ ಪ್ರಬಂಧದಲ್ಲಿ ಅಣುವನ್ನು ಕಟ್ಟಿದವರು ರಸಾಯನಶಾಸ್ತ್ರಜ್ಞರು. ಅದರೊಳಗಿನ ಚಲನೆಯನ್ನು ಅರಿಯಲು ಭೌತವಿಜ್ಞಾನ ಬೇಕಾಯಿತು. ಅದನ್ನು ಮಂಡಲವಾಗಿ ಜೋಡಿಸಲು ಎಲೆಕ್ಟ್ರಾನಿಕ್ಸ್ ಬೇಕಾಯಿತು. ಹತ್ತಿರದ ಕಾಲೇಜಿನಲ್ಲಿ ರಸಾಯನಶಾಸ್ತ್ರದ ಬಿ.ಎಸ್ಸಿ. ಓದಬೇಕೆಂದು ನಿಮ್ಮ ಮಗಳಿಗೆ ಮನಸ್ಸಿದ್ದರೆ ಓದಲಿ, ತಾಯಿ. ಆ ಬಾಗಿಲಿನಿಂದಲೂ ಈ ಪ್ರಯೋಗಾಲಯಕ್ಕೆ ದಾರಿಯಿದೆ.